ಬಾಗಿಲ ಹಿಂದಿನ ಲಾಳ

ಮಲಯಾಳಿಗಳ ನಾಡಿನ ತಂಪಾನೂರಿನಲ್ಲಿ ರೈಲಿಳಿದ ದಿನವೇ ನನ್ನ ಪೆಟ್ಟಿಗೆಯಿಂದ ಮೊಳೆಗಳನ್ನೆಲ್ಲ ತೆಗೆಸಿದರು. ಗದಗಿನಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮೂವತ್ತು ವರ್ಷ ಬಾಗಿಲು, ಚೌಕಟ್ಟು ಮಾಡಿದ ಬಡಗಿ ನಾನು. ಕಬ್ಬಿಣದ ಚೂರೂ ಇರದ ಕೋಣೆ ಕಟ್ಟು ಎಂದರೆ ಹೇಗಾಗಬೇಡ?

ಕರೆಸಿದವರು ಮೈಸೂರಿನ ಶಾರದಾ ಮೇಡಂ, ಇಲ್ಲಿ ವಿಜ್ಞಾನಿ. ಭೂಮಿಯ ಕಾಂತಬಲ ಅಳೆಯುವ ಯಂತ್ರವನ್ನು ಧ್ರುವ ಪ್ರದೇಶಕ್ಕೆ ಕಳಿಸುವ ಮೊದಲು ಆ ಕೋಣೆಯಲ್ಲಿಟ್ಟು ಪರೀಕ್ಷಿಸಬೇಕಿತ್ತು. ನನಗೆ ತಿಳಿಯಲೆಂದು ಅವರು ನನ್ನ ಗುರುತು ಹಾಕುವ ದಾರವನ್ನೇ ಬಿಗಿಯಾಗಿ ಎಳೆದು ಮೀಟಿದರು.

"ಸೂರ್ಯನಿಂದ ಸದಾ ಒಂದು ಗಾಳಿ ಬೀಸ್ತಿರುತ್ತೆ ಬಸಣ್ಣ. ಅದು ತನ್ನದೇ ಕಾಂತಬಲ ಹೊತ್ತು ತರುತ್ತೆ. ಆ ಬಲ ಯಾವ ದಿಕ್ಕಿಗೆ ತಿರುಗಿದೆ ಅನ್ನೋದರ ಮೇಲೆ, ಧ್ರುವದ ಹತ್ತಿರ ಭೂಮಿಯ ಬಲದ ಎಳೆಗಳು ಹೀಗೆ ನಡುಗ್ತವೆ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ."

ನಮ್ಮೂರಿನ ಗಾಳಿ ಕಿಟಕಿ ಕಿತ್ತೊಯ್ಯುವುದನ್ನು ಕಂಡವನು ನಾನು. ಕಾಣದ ಗಾಳಿಯ ನಡುಕವನ್ನು ಅಳೆಯುವ ಹೆಣ್ಣುಮಗಳಿಗೆ ಕೈ ಮುಗಿಯಬೇಕೆನಿಸಿತು.

ಜೋಳದ ರೊಟ್ಟಿಯ ಬಾಯಿಗೆ ಕಪ್ಪ, ಎಂದರೆ ಬೇಯಿಸಿದ ಮರಗೆಣಸು, ಒಗ್ಗಲು ತಿಂಗಳಾಯಿತು. ಕಾವಲುಗಾರ ಸುಕುಮಾರನ್ ಚೇಟ್ಟ, ಇಲ್ಲಿನ ಮಾತಲ್ಲಿ ಸುಕುಮಾರನ್ ಅಣ್ಣ, ನನ್ನನ್ನು ‘ಆಶಾರಿ’ ಎನ್ನುತ್ತಿದ್ದ. ಬಡಗಿಗೆ ಇಲ್ಲಿನ ಹೆಸರು. ಊರಲ್ಲಿ ಹೆಸರು ಬಿಟ್ಟು ಕಸುಬು ಹಿಡಿದು ಕರೆದರೆ ಸಿಟ್ಟು ಬರುತ್ತಿತ್ತು. ಇಲ್ಲಿ ಅದರಲ್ಲಿ ಮರ್ಯಾದೆ ಕೇಳಿಸಿತು.

ತೇಗದ ಹಲಗೆ, ಮರದ ಬೆಣೆ, ಹಿತ್ತಾಳೆ ಮೊಳೆಗಳಲ್ಲಿ ಕೋಣೆ ಎದ್ದಿತು. ಯಂತ್ರ ಇಟ್ಟ ಮೇಲೆ ಕಂಪ್ಯೂಟರಿನ ಗೆರೆ ಆಗಾಗ ಜಿಗಿಯತೊಡಗಿತು. ದೋಷ ಸಿಗದಿದ್ದರೆ ಯಂತ್ರ ಈ ವರ್ಷ ಹೋಗುವಂತಿಲ್ಲ. ಮೇಡಂ ಮೂರು ದಿನ ತಂತಿ ಬಿಚ್ಚಿ ಹುಡುಕಿದರು. ಎಲ್ಲಾದರೂ ಕಬ್ಬಿಣ ಉಳಿದಿದೆಯೇ ಎಂದು ಕೇಳಿದಾಗ, ನನ್ನ ಕೆಲಸದ ಮೇಲೆ ಸಂಶಯವೇ ಎಂದು ಮುನಿಸಿಕೊಂಡೆ.

ನಾಲ್ಕನೆಯ ದಿನ ಚಹಾ ಹೊತ್ತು ಚೇಟ್ಟ ಬಾಗಿಲು ತೆರೆದ, ಗೆರೆ ಜಿಗಿಯಿತು. ಮುಚ್ಚಿದ, ಇಳಿಯಿತು. ನನಗೆ ಲಾಳ ನೆನಪಾಯಿತು.

ನಮ್ಮ ಕಡೆ ಹೊಸ ಬಾಗಿಲಿಗೆ ಕುದುರೆ ಲಾಳ ಬಡಿಯದೆ ನಾನು ಕೆಲಸ ಮುಗಿಸಿದ್ದಿಲ್ಲ; ದೃಷ್ಟಿ ತಾಗಬಾರದು. ಅಪ್ಪನ ಕಾಲದ ಲಾಳವೊಂದನ್ನು ಬಾಗಿಲ ಒಳಪಟ್ಟಿಯ ಹಿಂದೆ ಹಿತ್ತಾಳೆ ಮೊಳೆಯಿಂದಲೇ ಬಡಿದಿದ್ದೆ. ಶಾಸ್ತ್ರದ ಕಬ್ಬಿಣ ನನಗೆ ಕಬ್ಬಿಣವೆನಿಸಿರಲಿಲ್ಲ.

ಯಾರೂ ಇಲ್ಲದಾಗ ಕೀಳಬಹುದಿತ್ತು. ಮೇಡಂ ಮುಂದೆಯೇ ಕಿತ್ತೆ.

"ತಪ್ಪು ನಂದರಿ ಮೇಡಂ. ಯಂತ್ರದ್ದಲ್ಲ."

ಅವರು ಲಾಳವನ್ನು ಕೈಯಲ್ಲಿ ತೂಗಿ ನೋಡಿದರು. "ಸೂರ್ಯನ ಗಾಳಿಯನ್ನೇ ಬಿಡದ ಯಂತ್ರ, ನಿಮ್ಮಪ್ಪನ ಲಾಳ ಬಿಡುತ್ತಾ ಬಸಣ್ಣ?" ಎಂದು ನಕ್ಕು, ಮೂರು ದಿನದ ಲೆಕ್ಕ ಬದಿಗಿಟ್ಟು ಮೊದಲಿನಿಂದ ಶುರು ಮಾಡಿದರು.

ಯಂತ್ರ ಧ್ರುವಕ್ಕೆ ಹೋಯಿತು. ಲಾಳ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿದೆ. ಊರಿಗೆ ಹೋದರೆ, ಹೊಸಿಲು ದಾಟುವ ಮುನ್ನ ಕೈ ತಾನಾಗಿ ಜೇಬಿನ ಕಬ್ಬಿಣದ ಕೀಲಿ ತೆಗೆದು ಹೊರಗಿಡಲು ಹೋಗುತ್ತದೆ, ತಂಗಿ ನಗುತ್ತಾಳೆ. ಇಲ್ಲಿ ಆ ಪರೀಕ್ಷಾ ಕೋಣೆಗೆ ಕಾಲಿಡುವಾಗ, ಲಾಳವಿದ್ದಲ್ಲಿ ನಾನೇ ಬೆಣೆ ತುಂಬಿದ ಆರು ತೂತುಗಳನ್ನು ಬೆರಳು ಹುಡುಕುತ್ತದೆ.