ಪಟ್ಟಲಮ್ಮನ ಅಡುಗೆಮನೆ ಬಾಗಿಲು

ಕೊತ್ತತ್ತಿಯ ಪಟ್ಟಲಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತಿತ್ತು. ಕೋಪ ಯಾಕೆ ಬಂತು ಎಂದು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ತಮ್ಮ ಬುಡಕ್ಕೇ ಬರುತ್ತಿತ್ತಲ್ಲ.

ಮದುವೆಯಾಗಿ ನಾಲ್ಕೇ ವರ್ಷಕ್ಕೆ ಅವಳ ಗಂಡ ಸತ್ತ. ಮಕ್ಕಳಿರಲಿಲ್ಲ. ಯಾರ ಮನೆಯ ಮದುವೆಗೂ ಅವಳಿಗೆ ಕರೆಯಿಲ್ಲ. ಎದುರಾದರೆ ಕಂಡೂ ಕಾಣದವರ ಹಾಗೆ ಮುಖ ತಿರುಗಿಸುವರು. ಆದರೆ ಊರ ಗಂಡಸರು ನಾಟಕ ಕಲಿಯಲು ಹೊರಟರೆ ಬೇಕಾಗುತ್ತಿದ್ದುದು ಅವಳ ಮನೆಯೇ. ಅಷ್ಟು ದೊಡ್ಡ ಹಜಾರ ಊರಲ್ಲಿ ಇನ್ನೊಂದಿರಲಿಲ್ಲ. ತಾಲೀಮು ನಡೆಯುವ ಎರಡು ತಿಂಗಳು ಎಲ್ಲರ ಬಾಯಲ್ಲೂ ‘ಚಿಕ್ಕವ್ವ, ಚಿಕ್ಕವ್ವ’. ವರ್ಷದಲ್ಲಿ ಆ ಎರಡು ತಿಂಗಳು ಅವಳು ಬದುಕುತ್ತಿದ್ದಳು.

ಗಂಡಸರಿಗೆ ಓದು ಅಷ್ಟಕ್ಕಷ್ಟೆ. ನಾಟಕದ ಮೇಷ್ಟ್ರು ಹಾರ್ಮೋನಿಯಂ ಒತ್ತುತ್ತಾ ಹೇಳಿಕೊಟ್ಟದ್ದು ಅವರಿಗೆ ಮೂರು ದಿನವಾದರೂ ತಲೆಗೆ ಹತ್ತದು, ಅಡುಗೆಮನೆಯಲ್ಲಿ ಕುಳಿತವಳಿಗೆ ಒಂದೇ ಸಲಕ್ಕೆ ಬಾಯಿಪಾಠ. ಹಗಲೆಲ್ಲ ರಾಗಿ ಬೀಸುತ್ತಾ ತಾನೇ ರಾಜನಾಗಿ ಗದರುವಳು, ತಾನೇ ರಾಣಿಯಾಗಿ ಅಳುವಳು. ಪಕ್ಕದ ಮನೆ ಮಾಯಮ್ಮ ಕೇಳಿಸಿಕೊಂಡು ಬಿದ್ದು ಬಿದ್ದು ನಗುವಳು. ತಾಲೀಮಿನಲ್ಲಿ ಯಾರು ಮಾತು ಮರೆತರೂ ಒಳಗಿನಿಂದ ಮುಂದಿನ ಮಾತು ಬರುತ್ತಿತ್ತು. ಆಟದ ದಿನವೂ ಅವಳೇ ರಂಗದ ಬಲಗಡೆ ಪರದೆಯ ಮರೆಯಲ್ಲಿ ಕುಳಿತು ಹೇಳಿಕೊಡುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ರಾಜನ ಪಾರ್ಟಿನ ಸಿದ್ದರಾಜುವಿಗಂತೂ ಮಾತು ತಪ್ಪಿದರೆ ಕತ್ತು ತಾನಾಗಿ ಬಲಕ್ಕೆ ಹೊರಳುತ್ತಿತ್ತು.

ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಮಳವಳ್ಳಿ ಕಡೆಯಿಂದ ಮರಿಸಿದ್ದಯ್ಯನೆಂಬ ಹೊಸ ಮೇಷ್ಟ್ರು ಬಂದ. ಮೊದಲ ದಿನವೇ ಒಳಗಿನ ದನಿ ಕೇಳಿ ಹಾರ್ಮೋನಿಯಂ ನಿಲ್ಲಿಸಿದ. ಗಂಡಸರ ಆಟಕ್ಕೆ ಗಂಡ ಸತ್ತವಳ ಬಾಯಿ ಸೇರಿದರೆ ಒಳ್ಳೆಯದಾಗುವುದಿಲ್ಲ, ಇನ್ನು ಮೇಲೆ ಪರದೆ ಹಿಂದೆಯೂ ಅವಳು ಬರಕೂಡದು ಎಂದ. ಎದ್ದು ಹೋಗಿ ಅಡುಗೆಮನೆಯ ಹಲಸಿನ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ಅವಳ ಮನೆ, ಅವಳ ಬಾಗಿಲು, ಉರಿಯುತ್ತಿದ್ದುದು ಅವಳ ದೀಪದ ಎಣ್ಣೆ. ಹಜಾರದಲ್ಲಿದ್ದ ಹದಿನಾಲ್ಕು ಗಂಡಸರಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ಆರು ವರ್ಷ ತಾಲೀಮಿನಲ್ಲಿ ಅವಳ ಕೈಯ ಅನ್ನ ಉಂಡ ಸಿದ್ದರಾಜು ನೆಲ ನೋಡುತ್ತಾ ಕುಳಿತ.

ಮರುದಿನವೇ ಎಲ್ಲರನ್ನೂ ಹೊರಗಟ್ಟಬಹುದಿತ್ತು. ಅಟ್ಟಿದರೆ ರಾಜನೂ ರಾಣಿಯೂ ಅವರ ಜೊತೆಗೇ ಹೊರಟುಹೋಗುತ್ತಿದ್ದರು. ಅದು ಅವಳಿಂದ ಆಗಲಿಲ್ಲ. ಆಗಲಿಲ್ಲವಲ್ಲ ಎಂದು ತನ್ನ ಮೇಲೇ ಹಲ್ಲು ಕಡಿದಳು.

ಆಟದ ದಿನ ಹೆಂಗಸರ ಚಾಪೆಯಲ್ಲಿ ಮಾಯಮ್ಮನ ಪಕ್ಕ ಕುಳಿತಳು. ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿಯೇ ಬಂದಿದ್ದಳು. ರಾಜ್ಯ ಕಳೆದುಕೊಂಡ ರಾಜ ವೇಷ ಮರೆಸಿಕೊಂಡು ತನ್ನ ಅರಮನೆಗೇ ಬರುತ್ತಾನೆ, ಕಾವಲಿನವನು ತಡೆಯುತ್ತಾನೆ. ಅಲ್ಲಿ ಸಿದ್ದರಾಜು ಮಾತು ಮರೆತ. ಎಡಗಡೆ ಪರದೆಯಿಂದ ಮರಿಸಿದ್ದಯ್ಯ ಪಿಸುಗುಟ್ಟಿದ, ಆಮೇಲೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಸಿದ್ದರಾಜುವಿನ ಕತ್ತು ಬಲಕ್ಕೇ ಹೊರಳಿತ್ತು. ಅಲ್ಲಿ ಯಾರೂ ಇರಲಿಲ್ಲ. ಜನ ಸಿಳ್ಳೆ ಹಾಕಿದರು.

ಅನುಭವಿಸಲಿ ಎನಿಸಿ ಪಟ್ಟಲಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಆದರೆ ಅಲ್ಲಿ ಸಿದ್ದರಾಜು ಒಬ್ಬನೇ ನಿಂತಿರಲಿಲ್ಲ. ಅವಳು ಬೀಸುವ ಕಲ್ಲಿನ ಮುಂದೆ ಸಾಕಿದ ರಾಜ ತನ್ನ ಮನೆಯ ಬಾಗಿಲಲ್ಲೇ ಮೂಗನ ಹಾಗೆ ನಿಂತಿದ್ದ. ಅದನ್ನು ನೋಡಲಾಗದೆ ಅವಳು ಎದ್ದಳು. ಪಿಸುಗುಡಲಿಲ್ಲ. ಎಡಗಡೆಯ ಪರದೆಯನ್ನೇ ದುರುಗುಟ್ಟಿ ನೋಡುತ್ತಾ ಗಂಟಲು ತೆರೆದು ಹೇಳಿದಳು:

“ಈ ಮನೆಯ ಕಲ್ಲುಕಲ್ಲಿಗೂ ನನ್ನ ಗುರುತುಂಟು. ನನ್ನನ್ನು ಹೊರಗೆ ನಿಲ್ಲೆನ್ನಲು ನೀನಾರು?”

ಮೊದಲು ‘ಒನ್ಸ್ ಮೋರ್’ ಎಂದವಳು ಮಾಯಮ್ಮ. ಹೆಂಗಸರ ಚಾಪೆಯೆಲ್ಲ ದನಿಗೂಡಿಸಿತು. ಪಟ್ಟಲಮ್ಮ ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ಸಿದ್ದರಾಜು ಹೇಳಿದ.

ಮರುದಿನ ಅವನು ಬಂದು, ಮೇಷ್ಟ್ರದು ತಪ್ಪಾಯಿತು ಎಂದ.

“ಅವ್ನು ಬಾಗ್ಲಾಕ್ದ, ಸರಿ ಕಣ್ಲಾ,” ಎಂದಳು ಪಟ್ಟಲಮ್ಮ. “ನೀನ್ಯಾಕ್ಲಾ ನೆಲ ನೋಡ್ದೆ?”



ಮುಂದಿನ ವರ್ಷ ತಾಲೀಮಿಗೆ ಬಂದವರು ಅಡುಗೆಮನೆಗೆ ಬಾಗಿಲೇ ಇಲ್ಲದ್ದನ್ನು ಕಂಡು ಮುಖ ಮುಖ ನೋಡಿಕೊಂಡರು. ಒಳಗೆ ಪಟ್ಟಲಮ್ಮ ಅವರಿಗೆಲ್ಲ ಬೆಲ್ಲದ ಕಾಫಿ ಕಾಯಿಸುತ್ತಿದ್ದಳು. ಪಕ್ಕದಲ್ಲಿ ಕೊಡಲಿ, ಒಲೆಯಲ್ಲಿ ಸೀಳಿದ ಹಲಗೆ, ಬೂದಿಯಲ್ಲಿ ಕಪ್ಪಾದ ಚಿಲಕ.

“ಅಲಸಿನ ಮರ, ಚೆಂದಾಗುರೀತದೆ,” ಎಂದಳು. “ಕುಡ್ದು ಸುರು ಮಾಡ್ರಿ.”