ಅವ್ವನ ನೋವು, ಅಪ್ಪನ ಸೊಪ್ಪು

ನಮ್ಮಪ್ಪ ಭಂಗಿ ಸೇದುತ್ತಿದ್ದ. ಹರದನಹಳ್ಳಿಯಲ್ಲಿ ಅದನ್ನು ಯಾರೂ ಗುಟ್ಟೆಂದು ತಿಳಿದಿರಲಿಲ್ಲ. ಕರಿಕಲ್ಲಿನ ಕ್ವಾರಿಯಲ್ಲಿ ಮಿಷನ್ ಹಿಡಿದು ಬಂಡೆಗೆ ತೂತು ಕೊರೆಯುವುದು ಅವನ ಕೆಲಸ. ಸಂಜೆ ಮನೆಗೆ ಬಂದಾಗ ರೆಪ್ಪೆಯ ಕೂದಲಿಗೂ ದೂಳು ಹತ್ತಿರುತ್ತಿತ್ತು. ಮಿಷನ್ ಕ್ವಾರಿಯಲ್ಲೇ ಉಳಿದಿದ್ದರೂ ಕೈ ಮಾತ್ರ ನಡುಗುತ್ತಲೇ ಇರುತ್ತಿತ್ತು. ಮುದ್ದೆ ಮುರಿಯುವುದಕ್ಕೂ ಆಗುತ್ತಿರಲಿಲ್ಲ. ಹಾಗಾಗಿ ಅವನು ಮೊದಲು ಊರಾಚೆಯ ಮಂಟಪಕ್ಕೆ ಹೋಗಿ, ಅಲ್ಲಿ ಕೂತವರ ಜೊತೆ ದಮ್ಮು ಎಳೆದು, ಆಮೇಲೆ ಊಟಕ್ಕೆ ಬರುತ್ತಿದ್ದ.

ಅವ್ವನಿಗೆ ಆ ವಾಸನೆ ಕಂಡರಾಗದು. ಅವನ ಬಟ್ಟೆಗಳನ್ನು ಬೇರೆ ಇಟ್ಟು ಒಗೆಯುತ್ತಿದ್ದಳು. ಒಮ್ಮೆ ಚಿಲುಮೆಯನ್ನು ಒರಳುಕಲ್ಲಿಗೆ ಬಡಿದು ಚೂರು ಮಾಡಿದಳು. ಅಪ್ಪ ಜಗಳವಾಡಲಿಲ್ಲ, ಮಾರನೆಯ ವಾರದ ಸಂತೆಯಲ್ಲಿ ಇನ್ನೊಂದು ತಂದ.

ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ನಾನು ಒಂದು ಸಲ ಅವನನ್ನು ನೇರವಾಗಿ ಕೇಳಿದ್ದೆ, ಆ ಅಮಲಿನಲ್ಲಿ ಅಂಥಾದ್ದೇನಿದೆ ಅಂತ.

"ಅಮಲ್ಗಲ್ಲ ಕಣ ಕೂಸೆ," ಅಂದ. "ಮಿಸನ್ನು ಮೈಯೊಳಕ್ಕೇ ಓಗ್ಬುಟ್ಟದೆ. ಅದ ಆಪ್ ಮಾಡ್ಬೇಕಲ್ಲ?"

ನನಗೆ ಆಗ ಅದು ಕುಡುಕರು ಹೇಳುವಂಥ ನೆಪವಾಗಿ ಕೇಳಿಸಿತು.

ಗುಂಡ್ಲುಪೇಟೆಯಲ್ಲಿ ನನಗೆ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಅವ್ವನಿಗೆ ಕಾಯಿಲೆ ಬಂದದ್ದು ಆಮೇಲೆ. ಗರ್ಭಕೋಶದ ಕ್ಯಾನ್ಸರ್. ನಮ್ಮ ಚಾಮರಾಜನಗರ ತಾಲ್ಲೂಕು ಆಗಿನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. ಏನೇ ಆದರೂ ಮೈಸೂರಿಗೆ ಓಡಬೇಕು, ಅಲ್ಲಿಂದ ಬೆಂಗಳೂರಿಗೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಕೊನೆಗೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಕಳಿಸಿದರು.

ನೋವು ಸೊಂಟಕ್ಕೆ ಇಳಿದ ಮೇಲೆ ಅವ್ವ ಮಲಗುವುದನ್ನೇ ಬಿಟ್ಟಳು. ಗೋಡೆಗೆ ಹಣೆ ಒತ್ತಿಕೊಂಡು ಮಂಡಿಯ ಮೇಲೆ ಕೂತಿರುತ್ತಿದ್ದಳು. ನಾನು ಶನಿವಾರ ಸ್ಕೂಲು ಮುಗಿಸಿ ಬಸ್ಸು ಹಿಡಿದು ಬಂದರೆ ಅವಳ ನರಳಾಟ ಬೀದಿಗೇ ಕೇಳುತ್ತಿತ್ತು. ನಮ್ಮೂರಿಗೆ ಹತ್ತಿರದ ಡಾಕ್ಟರರನ್ನು ಕೇಳಿದೆ. ಅವರು ಒಳ್ಳೆಯವರೇ.

"ಈ ನೋವಿಗೆ ಇರೋದು ಮಾರ್ಫಿನ್ ಮಾತ್ರೆ ಒಂದೇ ಕಣಮ್ಮ," ಅಂದರು. "ಅದನ್ನ ಇಡೋಕೆ ಲೈಸೆನ್ಸ್ ಬೇಕು. ಈ ಕಡೆ ಯಾವ ಅಂಗಡೀಲೂ ಸಿಕ್ಕಲ್ಲ."

ಬರೆದುಕೊಟ್ಟ ಮಾತ್ರೆ ತಲೆನೋವಿಗೂ ಕೊಡುವಂಥದ್ದು. ಅವ್ವ ಅದನ್ನು ನುಂಗಿ ವಾಂತಿ ಮಾಡಿದಳು.

ಅಪ್ಪ ಆ ದಿನ ಕ್ವಾರಿಗೆ ಹೋಗಲಿಲ್ಲ. ಭಂಗಿ ಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲದ ಜೊತೆ ಅರೆದು, ಅಂಗೈಯಲ್ಲಿ ಇಟ್ಟುಕೊಂಡು ಅವಳ ಮುಂದೆ ಕೂತ. ನಾನು ಬಾಗಿಲಲ್ಲಿ ನಿಂತಿದ್ದೆ.

"ನೀ ಹಾಳಾದದ್ದು ಸಾಲ್ದಾ? ಸಾಯೋ ಕಾಲ್ದಲ್ಲಿ ನಂಗೂ ತಿನ್ನುಸ್ಬೇಕಾ?" ಅಂದಳು ಅವ್ವ.

"ತಿನ್ನಮ್ಮಿ. ಆಮ್ಯಾಕೆ ಎಷ್ಟಾರ ಬೋಯ್ಕೊ."

ಅವಳು ಮುಖ ತಿರುಗಿಸಿದಳು. ಅಪ್ಪ ಅಲ್ಲಿಂದ ಏಳಲಿಲ್ಲ. ಬೆಲ್ಲ ಕರಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಇನ್ನೊಂದು ನೋವಿನ ಅಲೆ ಬಂದಾಗ ಅವಳೇ ಬಾಯಿ ತೆರೆದಳು.

ಮಧ್ಯಾಹ್ನದ ಹೊತ್ತಿಗೆ ಅವ್ವ ಕಾಲು ಚಾಚಿ ಮಲಗಿದ್ದಳು. ಎದ್ದವಳು ರಾಗಿ ಅಂಬಲಿ ಕೇಳಿ ಕುಡಿದಳು. ನೋವು ಹೋಯಿತೇ ಅಂತ ಕೇಳಿದ್ದಕ್ಕೆ, "ಅದೆ ಕಣವ್ವ, ಪಕ್ಕದ್ ಮನೇಲಿ ಅಳ್ತಾ ಅದೆ," ಅಂದು ನಕ್ಕಳು. ಇಷ್ಟು ವರ್ಷಗಳಾದ ಮೇಲೆ ಈಗ ಅದೇ ಗಿಡದಿಂದ ಅಮಲಿಲ್ಲದ ಎಣ್ಣೆ ತೆಗೆದು ಚಂದದ ಶೀಶೆಯಲ್ಲಿ ಮಾರುತ್ತಾರೆ, ನಿದ್ದೆ ಬಾರದವರು, ಮಂಡಿನೋವಿನವರು ನಾಲಗೆಗೆ ತೊಟ್ಟು ಬಿಟ್ಟುಕೊಳ್ಳುತ್ತಾರೆ. ಕೊಳ್ಳುವವರನ್ನು ಯಾರೂ ಕಳ್ಳರಂತೆ ನೋಡುವುದಿಲ್ಲ. ಅದನ್ನು ಪೇಪರಿನಲ್ಲಿ ಓದಿದಾಗ ಸಂತೋಷಪಡಬೇಕೆಂದು ನನಗೂ ಗೊತ್ತಿದೆ. ಆಗುವುದಿಲ್ಲ.

ಆ ಬೇಸಿಗೆಯೆಲ್ಲ ಹಾಗೇ ನಡೆಯಿತು. ಊರಲ್ಲಿ ಸೊಪ್ಪು ಸಿಕ್ಕದಾದಾಗ ಅಪ್ಪ ಪುಣಜನೂರಿನಲ್ಲಿದ್ದ ಹಳೆಯ ಕ್ವಾರಿ ಗೆಳೆಯನ ಹತ್ತಿರ ಹೋದ. ಅದು ಕಾಡಿನ ಕಡೆ ದಂತಚೋರರ ಹುಡುಕಾಟ ನಡೆಯುತ್ತಿದ್ದ ಕಾಲ. ಸತ್ಯಮಂಗಲದ ರಸ್ತೆಯಲ್ಲಿ ಪೊಲೀಸರು ಪ್ರತಿ ಬಸ್ಸನ್ನೂ ನಿಲ್ಲಿಸುತ್ತಿದ್ದರು. ವಾಪಸು ಬರುವಾಗ ಅಪ್ಪನನ್ನು ಇಳಿಸಿ ತಡಕಿದರು. ಪಂಚೆಯ ಮಡಿಕೆಯಲ್ಲಿ ಪೊಟ್ಟಣ ಸಿಕ್ಕಿತು. ಹೆಂಡತಿಯ ನೋವಿಗೆ ಅಂತ ಅವನು ಹೇಳಿದಾಗ ನಕ್ಕರಂತೆ.

ನಾನು ಅವ್ವನ ಆಸ್ಪತ್ರೆ ಕಾಗದಗಳನ್ನೆಲ್ಲ ಹಿಡಿದು ಠಾಣೆಗೆ ಹೋದೆ. ಅಲ್ಲಿದ್ದ ಅಧಿಕಾರಿ ಅವುಗಳನ್ನು ಮುಟ್ಟಲಿಲ್ಲ.

"ನೀವೇನು ಕೆಲಸ ಮಾಡೋದು?"

"ಟೀಚರು ಸಾರ್."

"ಮಕ್ಕಳಿಗೆ ಪಾಠ ಹೇಳೋರು ಗಾಂಜಾ ಕೇಸಿಗೆ ವಕಾಲತ್ತು ಹಾಕ್ತೀರಾ? ನಾಚಿಕೆ ಆಗಲ್ವಾ?"

ನಾಚಿಕೆ ಆಗಿತ್ತು. ಅದೇ ನನಗೆ ಈಗಲೂ ಸಿಟ್ಟು ತರಿಸುವುದು. ಅಪ್ಪನನ್ನು ಮೈಸೂರಿನ ಜೈಲಿಗೆ ಕಳಿಸಿದರು. ಆ ಸೊಪ್ಪು ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು ಎಂಬುದೊಂದೂ ನನಗೆ ತಿಳಿದಿರಲಿಲ್ಲ. ಮಂಟಪದವರನ್ನು ಕೇಳಿದೆ. ಅವರೆಲ್ಲ, ನಾವು ಅಂಥದ್ದನ್ನು ಮುಟ್ಟುವವರೇ ಅಲ್ಲ ಅಂದುಬಿಟ್ಟರು. ಅವರಲ್ಲಿ ನನ್ನ ಸೋದರಮಾವನೂ ಇದ್ದ, ಶಿವರಾತ್ರಿಗೆ ಅದನ್ನೇ ಶಿವನ ಪ್ರಸಾದ ಅಂತ ಕಣ್ಣಿಗೊತ್ತಿ ಸೇದುತ್ತಿದ್ದವನು.

ಅವ್ವ ಮತ್ತೆ ಗೋಡೆಗೆ ಹಣೆ ಒತ್ತಿ ಕೂತಳು. "ಅವ ಬಂದನಾ?" ಅಂತ ಕೇಳುತ್ತಿದ್ದಳು. ಬಾಗಿಲು ಸದ್ದಾದರೆ, "ಅವ ಬಂದನಾ?" ಅಪ್ಪ ಬರುವ ಮೊದಲೇ ಸತ್ತಳು. ಕೊನೆಯವರೆಗೂ ಗಂಡನನ್ನೇ ನೆನೆದಳು, ಎಂಥ ಮುತ್ತೈದೆ ಅಂತ ಹೆಂಗಸರು ಕಣ್ಣೊರೆಸಿಕೊಂಡರು. ಅವಳು ಕೇಳಿದ್ದು ಗಂಡನನ್ನೋ ಅವನು ತರಬೇಕಿದ್ದ ಪೊಟ್ಟಣವನ್ನೋ ನನಗೆ ಗೊತ್ತಿಲ್ಲ.

ಹೆಣದ ಮುಂದೆ ಸೋದರಮಾವ ಎಲ್ಲರಿಗೂ ಕೇಳುವಂತೆ ಅಂದ: "ಎಡ್ತಿ ಸಾಯ್ತಿದ್ರೆ ಗಾಂಜಾ ತರಕ್ಕೋದ ಗಂಡ ಕಣ್ರಪ್ಪೋ, ಇಂಥವ್ನ ಎಲ್ಲಾರ ನೋಡಿದ್ದೀರಾ?" ಕೂತಿದ್ದವರೆಲ್ಲ ತಲೆ ಆಡಿಸಿದರು. ಶಿವರಾತ್ರಿಗೆ ನೀನು ಸೇದುವುದು ಏನು ಮಾವ ಅಂತ ನಾನು ಕೇಳಿದೆ. ಹೆಂಗಸರು ನನ್ನನ್ನು ಹಿಡಿದು ಒಳಗೆ ಎಳೆದುಕೊಂಡು ಹೋದರು.

ಜಾಮೀನಿನ ಮೇಲೆ ಬಂದ ಅಪ್ಪನನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಬೇಕೆಂದಿದ್ದೆ. "ಕೇಸಿರೋರ್ನ ಮನೇಲಿ ಇಟ್ಕೊಂಡ್ರೆ ಜನ ಏನಂತಾರೆ?" ಅಂದರು ನನ್ನ ಯಜಮಾನರು. ಅಪ್ಪ ಹರದನಹಳ್ಳಿಯಲ್ಲೇ ಉಳಿದ. ಕ್ವಾರಿಯವರು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅವನು ಭಂಗಿಯನ್ನು ಮತ್ತೆ ಮುಟ್ಟಲಿಲ್ಲ. ಬಸ್ ಸ್ಟಾಂಡಿನ ಹತ್ತಿರದ ಸಾರಾಯಿ ಅಂಗಡಿಗೆ ಹೋಗತೊಡಗಿದ. ಬೆಳಿಗ್ಗೆಯೇ ಪಾಕೀಟು ಹರಿದು ಕುಡಿದು, ಅಂಗಡಿಯ ಮುಂದೆಯೇ ಬಿದ್ದಿರುತ್ತಿದ್ದ. ಭಂಗಿ ಸೇದುವಾಗ ಅವನು ಯಾವತ್ತೂ ಹಾಗೆ ಬಿದ್ದವನಲ್ಲ.

ಒಂದು ಭಾನುವಾರ ನಾನು ಅವನನ್ನು ಎಬ್ಬಿಸಿ ಕೂರಿಸಿ, ಇದನ್ನು ಬಿಡು ಅಂತ ಅತ್ತೆ. ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು.

"ಅಳಬ್ಯಾಡ ಕಣ ಕೂಸೆ," ಅಂದ. "ಇದ್ಕೆ ಯಾರೂ ಇಡ್ಕಂಡೋಗಲ್ಲ."

ಅವನು ಮಣ್ಣಾದಾಗ ಆ ಕೇಸು ಇನ್ನೂ ಮುಗಿದಿರಲಿಲ್ಲ.