ಲಕ್ಷ್ಮೀಪತಿಯ ಕಾಗದದ ಗಿರಾಕಿಗಳು

ಬಸವೇಶ್ವರನಗರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಲಕ್ಷ್ಮೀಪತಿ ಯಾವ ಕೆಲಸ ಹಿಡಿದರೂ ಮೊದಲು ಕಾಗದದ ಮೇಲೊಬ್ಬ ಗಿರಾಕಿಯನ್ನು ಹುಟ್ಟಿಸಿ, ಹೆಸರಿಟ್ಟು, ಮಂಡಿನೋವನ್ನೂ ಕೊಡುತ್ತಾನೆ. ಇದಕ್ಕೆ ‘ಪರ್ಸೋನಾ’ ಎನ್ನುತ್ತಾರಂತೆ. ಬಣ್ಣ ಬದಲಿಸಿ ಎಂದವರೊಡನೆ, “ನಮ್ಮ ಸರೋಜಮ್ಮಂಗೆ ಒಪ್ಪಲ್ಲ ಸಾರ್” ಎಂದು ಇಲ್ಲದ ಸರೋಜಮ್ಮನ ಪರವಾಗಿ ಜಗಳಕ್ಕೇ ನಿಲ್ಲುತ್ತಾನೆ. ತಮ್ಮ ಹಿಟ್ಟಿನ ಗಿರಣಿಗೆ ವೆಬ್‌ಸೈಟ್ ಕೇಳಿದ ಹನುಮಯ್ಯನವರು ಮಾತ್ರ ಬಗ್ಗಲಿಲ್ಲ. “ನಿಮ್ ಸರೋಜಮ್ಮ ಯಾರೋ ನಾ ಕಾಣೆ. ನನ್ ಗಿರಾಕಿಗಳು ಇಲ್ಲೇ ನಿಂತವ್ರೆ, ಕೇಳಿ. ಇಲ್ಲಾಂದ್ರೆ ಕೆಲಸ ಬೇರೆಯವ್ರಿಗೆ” ಎಂದು ಕೈಗೊಂದು ರಾಗಿ ಡಬ್ಬ ತುರುಕಿ ಸಾಲಿಗೆ ನಿಲ್ಲಿಸಿದರು. ಕಾಗದದವರ ಕಷ್ಟವೆಲ್ಲ ಬಲ್ಲವನಿಗೆ ಜೀವಂತ ಮನುಷ್ಯರೆದುರು ಡಬ್ಬದ ಮುಚ್ಚಳ ತೆಗೆದು ಹಾಕುವುದೇ ಕೆಲಸವಾಯಿತು. ಕೊನೆಗೆ ಮುಂದಿದ್ದ ಅಜ್ಜಿಯೇ, “ಮೆಣಸಿನಕಾಯಿ ಬೀಸೋ ದಿನ ಯಾವ್ದು ಅಂತ ವೆಬ್‌ಸೈಟಲ್ಲಿ ಹಾಕಪ್ಪ, ಅವತ್ತು ಹಿಟ್ಟೆಲ್ಲ ಖಾರ ಆಗುತ್ತೆ, ರಾಗಿ ತರಲ್ಲ” ಎಂದರು. ಸರೋಜಮ್ಮ ಎಂದೂ ಹೇಳದ ಮಾತು! ಈಗ ಅವನು ಕಣ್ಣಿಗೆ ಕಾಣದ ಗಿರಾಕಿಗಳಿಗೆ ಮಾತ್ರ ಹೆಸರಿಡುತ್ತಾನೆ. ಕಾಣುವವರಿದ್ದರೆ ಅವರ ಸಾಲಿನಲ್ಲೇ ನಿಲ್ಲುತ್ತಾನೆ. ಅದು ಔಷಧಿ ಅಂಗಡಿಯ ಸಾಲಾದರೂ ಸರಿಯೇ, ಧೈರ್ಯಕ್ಕೆ ಕೈಯಲ್ಲಿ ಅದೇ ರಾಗಿ ಡಬ್ಬ.